ಆರನೆಯ ಅಂಗಿ

ನಿಯಮದ ಆ ಸಾಲು ನನಗೆ ಬಾಯಿಪಾಠ. ತರಬೇತಿಗೆಂದು ಬಂದ ಸರ್ಕಾರದ ಹಣದಲ್ಲಿ ಕೆಲಸ ಕೊಡುವವರನ್ನು ಕರೆಸಬಹುದು, ಕೂರಿಸಬಹುದು, ನಮ್ಮ ಹೆಂಗಸರ ಕೈಕೆಲಸ ತೋರಿಸಬಹುದು. ಅವರ ಕೈಗೆ ಮಾತ್ರ ಏನನ್ನೂ ಕೊಡಬಾರದು. ಈ ಹೊಲಿಗೆ ಕೇಂದ್ರಕ್ಕೆ ಮಾಲೀಕರನ್ನು ಹುಡುಕಿ ಕರೆತರುವುದೇ ಹನ್ನೊಂದು ವರ್ಷದಿಂದ ನನ್ನ ಕೆಲಸ. ಆದರೂ ತಪ್ಪು ಮಾಡಿದವಳು ನಾನೇ.

ಹ್ಯಾಂಗರಿಗೆ ತೂಗುಹಾಕಿದ ಅಂಗಿ ಯಾರ ಮನಸ್ಸನ್ನೂ ಕರಗಿಸುವುದಿಲ್ಲ. ಅದಕ್ಕೇ ಮಾಲೀಕರನ್ನು ಕರೆಯಲು ಹೋದಾಗ ಅವರ ಅಳತೆಯನ್ನು ನಾನು ಕಣ್ಣಲ್ಲೇ ಹಿಡಿದು ತರುತ್ತೇನೆ. ಅದಕ್ಕೆ ತಕ್ಕ ಅಂಗಿ ಹೊಲಿಸಿ ಸಭೆಯಲ್ಲಿ ತೊಡಿಸುತ್ತೇವೆ, ಆಮೇಲೆ ವಾಪಸು ಪಡೆಯುತ್ತೇವೆ. ಈ ಸಲ ಸಿದ್ಧ ಉಡುಪಿನ ಕಾರ್ಖಾನೆಯ ಮಾಲೀಕರೊಬ್ಬರು ತೊಟ್ಟದ್ದನ್ನು ಬಿಚ್ಚಲೇ ಇಲ್ಲ. ಕನ್ನಡಿ ಮುಂದೆ ಕತ್ತು ಅತ್ತಿತ್ತ ತಿರುಗಿಸಿ, ಹಾಗೇ ಹೊರಟುಬಿಟ್ಟರು. ನಾನೂ ಬಾಯಿಬಿಡಲಿಲ್ಲ. ಹೊಲಿದವಳಿಗೆ ಕೆಲಸ ಸಿಕ್ಕಂತೆಯೇ ಎಂದು ಒಳಗೊಳಗೇ ಹಿಗ್ಗಿದೆ. ಕಾಲರು ಹೊಲಿಯುವ ಗೀಳಿಗೆ ಕಾಲರಕ್ಕ ಎಂದೇ ಎಲ್ಲರೂ ಕರೆಯುವ ಅವಳು ಅಣ್ಣನ ಮನೆಯ ಹಂಗಿನಲ್ಲಿದ್ದಳು. ತಿಂಗಳ ಕೊನೆಯೊಳಗೆ ಕೆಲಸ ಹಿಡಿಯದಿದ್ದರೆ ಅತ್ತಿಗೆ ಬಾಗಿಲು ತೋರಿಸುವವಳೇ.

ಮೂರು ವಾರದ ಮೇಲೆ ಪರಿಶೀಲನೆಗೆ ಬಂದ ಅಧಿಕಾರಿ, ಸಭೆಗೆಂದು ಹೊಲಿದ ಅಂಗಿ ಆರು, ಇರುವುದು ಐದು ಎಂದರು. ತೋರಿಸುವುದು ಬೇರೆ, ಕೊಡುವುದು ಬೇರೆ, ಹೋಗಿ ತನ್ನಿ ಎಂದರು. ಮುಖ ಎಲ್ಲಿಟ್ಟುಕೊಳ್ಳಲಿ ಎನ್ನುತ್ತಲೇ ಕಾರ್ಖಾನೆಗೆ ಹೋದೆ.

ಮಾಲೀಕರು ಕೂರಿಸಿ ನೀರು ಕೊಟ್ಟರು. ಅಂಗಿಯ ಮಾತೆತ್ತಿದ್ದಕ್ಕೆ ನಕ್ಕು, ಮೇಜಿನ ಖಾನೆಯಿಂದ ಕಾಗದದ ಚೀಲ ತೆಗೆದರು. ಒಳಗೆ ಅಂಗಿ ಇರಲಿಲ್ಲ. ತೋಳು ಬೇರೆ, ಬೆನ್ನು ಬೇರೆ, ಕಾಲರಿನ ಪದರಗಳೂ ಬೇರೆ ಬೇರೆ. ಒಂದೊಂದು ಹೊಲಿಗೆಯನ್ನೂ ಜೋಪಾನವಾಗಿ ಬಿಚ್ಚಿದ್ದರು. ಅಂಚಿನುದ್ದಕ್ಕೂ ನಕ್ಷೆ ತೆಗೆದುಕೊಂಡ ಪೆನ್ಸಿಲ್ಲಿನ ಗುರುತು.

ತಲೆಯೆತ್ತಿದೆ. ಗಾಜಿನ ಗೋಡೆಯಾಚೆ ಸಾಲು ಮೆಷಿನ್ನುಗಳು. ಪ್ರತಿಯೊಂದರ ಪಕ್ಕದ ರಾಶಿಯಲ್ಲೂ ಅದೇ ಕಾಲರು. ಕತ್ತಿಗೆ ಒತ್ತದ ಹಾಗೆ, ಹಿಂದೆ ತುಸು ಇಳಿದು ಕೂರುವುದು. ಹೊಲಿದು ಬಿಚ್ಚಿ, ಬಿಚ್ಚಿ ಹೊಲಿದು, ನಾಲ್ಕು ತಿಂಗಳಲ್ಲಿ ಕಾಲರಕ್ಕನ ಕೈ ಕಂಡುಕೊಂಡದ್ದು.

"ಅವಳನ್ನ ಯಾವತ್ತು ಕಳಿಸ್ಲಿ?" ಎಂದು ಕೇಳಿದೆ.

"ಅವಳ್ಯಾಕಮ್ಮಾ ಇನ್ನು? ಅಂಗಿ ಬಂತಲ್ಲ," ಎಂದರು ಅವರು, ಲೋಟದಲ್ಲಿ ಉಳಿದ ನೀರನ್ನು ಕುಡಿಯಲು ಹೇಳುವಷ್ಟೇ ಸಹಜವಾಗಿ.

ಚೀಲ ಎತ್ತಿಕೊಂಡು ಮೆಟ್ಟಿಲಿಳಿದೆ. ಕೇಂದ್ರದಲ್ಲಿ ಅಧಿಕಾರಿ ತುಂಡುಗಳನ್ನು ಮೇಜಿನ ಮೇಲೆ ಹರಡಿ, ಸರಿ, ಆರೂ ಬಂದವು ಎಂದು ಬರೆದುಕೊಂಡರು. ಕಂಡದ್ದನ್ನು ಹೇಳಿದೆ. ಪಾಪ, ಅವರು ನಿಯಮದ ಹಾಳೆಗಳನ್ನೆಲ್ಲ ತಿರುವಿಹಾಕಿದರು. ಬಟ್ಟೆಯ ಮಾತಿತ್ತು, ಊಟದ ಮಾತಿತ್ತು, ಕಾಣಿಕೆಯ ಮಾತಿತ್ತು. ಕದ್ದ ಕಸುಬಿನ ಮಾತು ಎಲ್ಲೂ ಇರಲಿಲ್ಲ.

ಅಷ್ಟರಲ್ಲಿ ಕಾಲರಕ್ಕ ಬಾಗಿಲಲ್ಲಿ ನಿಂತಿದ್ದಳು. "ಅವ್ರಿಗೆ ಹಿಡಿಸ್ತಾ ಅಕ್ಕಾ?"

"ತುಂಬ ಹಿಡಿಸ್ತು," ಎಂದೆ. ಮುಖ ಅರಳುವ ಮೊದಲೇ ಹೇಳಿಬಿಡಬೇಕಿತ್ತು. "ಆದ್ರೆ ಕೆಲಸ ಇಲ್ಲ, ತಂಗಿ."

ಅವಳು ಮೇಜಿನ ಹತ್ತಿರ ಬಂದಳು. ಪೆನ್ಸಿಲ್ ಗುರುತಿನ ಮೇಲೆ ಬೆರಳಾಡಿಸಿದಳು. ಆಮೇಲೆ ನಿಂತಲ್ಲೇ ನೆಲದ ಮೇಲೆ ಕುಸಿದು ಕೂತಳು.