ಅವರ ಫೋಲ್ಡರಿನಲ್ಲಿದ್ದ ಫೈಲು

ಫ್ಯಾನಿನ ಗಾಳಿಗೆ ಮೆಕ್ಕೆಜೋಳದ ಹೊಟ್ಟು ಹಾರಿ ಬಂದು ಕೀಬೋರ್ಡಿನ ಮೇಲೆ ಕೂರುತ್ತದೆ, ಊದಿದರೆ ಹೋಗುತ್ತದೆ, ಮತ್ತೆ ಬರುತ್ತದೆ, ಇದನ್ನು ಒರೆಸುತ್ತಿದ್ದವರು ನಮ್ಮ ಮನೆಯವರು, ಅವರು ಒರೆಸುತ್ತಿದ್ದ ಅರಿವೆ ಇಲ್ಲೇ ಇದೆ, ಅವರಿಲ್ಲ, ಹೋಗಿ ತಿಂಗಳಾಗಿರಬೇಕು, ಅಳು ಬರುವುದಿಲ್ಲ, ಬರಬೇಕಿತ್ತು — ಅಕ್ಕಾರ, ಕೇಳಾಕತ್ತೀರೇನ್ರಿ, ಫೋನಿನಲ್ಲಿ ಮುಸ್ತಾಕ, ಹುಬ್ಬಳ್ಳಿಯಲ್ಲಿ ಕುಳಿತು ಶಿಗ್ಗಾಂವದ ನಮ್ಮ ದಲಾಲಿ ಅಂಗಡಿಯ ಸರ್ವರ್ ನೋಡಿಕೊಳ್ಳುವವನು, ಆ ಕಾನ್ಫಿಗರೇಶನ್ ಫೈಲ್ ಎಲ್ಲಿ ಇಡೂಣು ಹೇಳ್ರಿ. ನನ್ನನ್ನು ಕೇಳುತ್ತಾನೆ. ಅಂಗಡಿಯ ತೂಕ, ಲೆಕ್ಕವೆಲ್ಲ ಇರುವ ಡೇಟಾಬೇಸ್ ಏಳುವಾಗ ಮೊದಲು ಓದುವುದು ಆ ಫೈಲನ್ನೇ, ಎಲ್ಲಿ ಏನಿದೆ, ಯಾರನ್ನು ಒಳಗೆ ಬಿಡಬೇಕು, ಎಲ್ಲ ಅದರಲ್ಲಿ, ಅವರು ಅದನ್ನು ತಮ್ಮ ಸ್ವಂತ ಫೋಲ್ಡರಿನಲ್ಲೇ ಇಟ್ಟುಕೊಂಡಿದ್ದರು, ಕೈಗೆ ಸಿಗೂ ಹಂಗ ಇರ್ಲಿ ಬಿಡು ಎನ್ನುತ್ತಿದ್ದರು, ಈಗ ಅವರ ಖಾತೆ ತೆಗೆದರೆ ಫೋಲ್ಡರೂ ಹೋಗುತ್ತದೆ, ತೆಗೆಯದಿದ್ದರೆ ಸತ್ತವರ ಹೆಸರಿನಲ್ಲಿ ಯಾರು ಬೇಕಾದರೂ ಒಳಗೆ ಬರಬಹುದಂತೆ. ಡೇಟಾದ ಜೊತೆಗೇ ಇಟ್ಟರೆ, ಎಂದೆ — ಬ್ಯಾಡ್ರಿ, ಹಳೇ ಬ್ಯಾಕಪ್ ಹಾಕಿದ್ರ ಇದೂ ಅಳಿಸಿ ಹೊಕ್ಕೈತಿ, ಸಿಸ್ಟಮ್ ಫೋಲ್ಡರಿಗೆ ಹಾಕ್ರಿ, ಅದು ಯಾರ್ದೂ ಅಲ್ಲ. ಯಾರದೂ ಅಲ್ಲ. ಗಾದಿಯ ಮೇಲಿಂದ ಮಾವನವರು, ಇದ್ದಲ್ಲೇ ಇರ್ಲಿ ಬಿಡವಾ ನೀಲಾ, ಅದೇನ್ ಅನ್ನಾ ನೀರು ಕೇಳ್ತೈತೇನು, ಹೊರಗೆ ಯಲವಿಗಿಯ ಟ್ರ್ಯಾಕ್ಟರು ತೂಕಕ್ಕೆ ನಿಂತಿದೆ, ಇದು ಮುಗಿಯುವವರೆಗೆ ತೂಕವಿಲ್ಲ.

ಸರಿ, ಯಾರದೂ ಅಲ್ಲದ ಕಡೆಗೇ ಇರಲಿ, ನಕಲು ಮಾಡಿದೆ, ಸರ್ವರ್ ಎದ್ದಿತು, ಏನೂ ಅನ್ನಿಸಲಿಲ್ಲ — ಈಗ ಹಳೇ ಖಾತೆ ತಗೀತೇನ್ರಿ, ತಪ್ಪಿ ಬ್ಯಾರೇದು ಹೋಗಬಾರದು, ಹೆಸರು ಬಾಯಿಲೆ ಹೇಳ್ರಿ ಅಕ್ಕಾರ. ಬಾಯಿಂದ. ಬೆರಳು ಎಷ್ಟೋ ಸಲ ಹೊಡೆದಿರುವ ಹೆಸರು, ಬಾಯಿ ಹೇಳಿದ್ದು ಮದುವೆಯ ದಿನ ಮಾತ್ರ, ಬಾಗಿಲಿಗೆ ಅಡ್ಡ ನಿಂತ ನಾದಿನಿ ಗಂಡನ ಹೆಸರು ಕಟ್ಟಿದ ಒಡಪು ಹೇಳಿಸದೆ ಒಳಗೆ ಬಿಡಲಿಲ್ಲ, ಆಮೇಲೆ ಬರೀ ಅವರು, ಇವರು, ನಮ್ಮ ಮನೆಯವರು, ರೇಶನ್ ಅಂಗಡಿಯವನು ಕೇಳಿದರೂ ಮಗಳು ಐಶ್ವರ್ಯಳನ್ನು ಮುಂದೆ ತಳ್ಳಿದವಳು ನಾನು, ಗಂಡನ ಹೆಸರು ಹೇಳಿದ್ರ ಆಯುಷ್ಯ ಕಮ್ಮಿ ಆಕ್ಕೈತಿ ಎಂದಿದ್ದಳು ಅವ್ವ, ಹೇಳಲಿಲ್ಲವಲ್ಲ, ಕಮ್ಮಿಯೇ ಆಯಿತಲ್ಲ, ಸಿಟ್ಟು ಬಂತು, ಇಷ್ಟು ದಿನಕ್ಕೆ ಏನೋ ಒಂದು ಬಂತು, ಬಂದದ್ದು ಅಲ್ಲೇ ಆರಿತು. ಅಕ್ಕಾರ? ರುದ್ರೇಶ, ಎಂದೆ. ಮಾವನವರು ತಲೆ ಎತ್ತಿ ನೋಡಿದರು. ಆತ್ರಿ, ತಗದೆ, ಒಮ್ಮೆ ಲಾಗೌಟ್ ಆಗಿ ನೋಡ್ರಿ. ತೆರೆ ಕಪ್ಪಾಯಿತು, ಬೆಳಗಿತು, ಯಾರು ಒಳಗೆ ಬರುವವರು ಎಂದು ಕೇಳುವ ತೆರೆ, ಎರಡು ಹೆಸರು ಪಕ್ಕಪಕ್ಕ ಇರುತ್ತಿದ್ದ ಜಾಗ, ನೀಲಾಂಬಿಕಾ ಒಂದೇ, ಬಲಕ್ಕಿದ್ದದ್ದು ನಡುವಿಗೆ ಸರಿದಿದೆ, ಎಲ್ಲಾ ಚಲೋ ನಡದೈತ್ರಿ ಅಕ್ಕಾರ, ಹೊರಗೆ ತೂಕ ಶುರುವಾಯಿತು, ಅವರ ಜಾಗವನ್ನು ಖಾಲಿಯಾದರೂ ಬಿಡದೆ, ನನ್ನ ಹೆಸರು, ನಡುವಿಗೆ, ಖಾಲಿಯಾದರೂ ಬಿಡದೆ, ನಡುವಿಗೆ —