ಗ್ಯಾಸು ಮೂಸುವವನು

"ಮುಟ್ಟಬೇಡಲೇ ಬೋಳಿಮಗನೆ! ಅದೇನು ನಿಮ್ಮಪ್ಪ ಬಡಿಯೋ ತಮಟೆ ಅಂದ್ಕೊಂಡ್ಯಾ?"

ಸಾವ್ಕಾರ ಬಸಲಿಂಗಪ್ಪ ಗಾದಿಯ ಮೇಲಿಂದಲೇ ಗದರಿದ. ಚಿತ್ತಪ್ಪ ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡ. ಮೇಜಿನ ಮೇಲೆ ಅಂಗೈಯಗಲದ ಹಳದಿ ಡಬ್ಬಿ, ಅದಕ್ಕೊಂದು ಉದ್ದನೆಯ ರಬ್ಬರ್ ನಳಿಕೆ, ನೆತ್ತಿಯಲ್ಲೊಂದು ಕೆಂಪು ದೀಪ. ಬೆಳಿಗ್ಗೆಯೇ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂ ಇಟ್ಟು, ಕಾಯಿ ಒಡೆದಿದ್ದರು.

"ಇನ್ಮೇಲೆ ಗೋಡೌನಿನಾಗೆ ಗ್ಯಾಸು ಐತೋ ಇಲ್ವೋ ಅಂತ ಇದೇ ಹೇಳ್ತೈತೆ," ಎಂದ ಗುಮಾಸ್ತ ಗಂಗರಾಜು, ಆ ಡಬ್ಬಿಯನ್ನು ತಾನೇ ಹೆತ್ತವನಂತೆ ಬೀಗುತ್ತ. "ಗ್ಯಾಸಿದ್ರೆ ಕೂಗ್ತೈತೆ, ಇಲ್ದಿದ್ರೆ ಸುಮ್ಕಿರ್ತೈತೆ. ನಿನ್ನಂಗೆ ಬೀಡಿ ಕೇಳಲ್ಲ, ಹಬ್ಬದ ಇನಾಮು ಕೇಳಲ್ಲ."

"ಮತ್ತೆ ನಾನು?"

"ನೀನಾ? ಮೂಟೆ ಹೊರು. ಆಗಲ್ವಾ, ಮನೇಲಿ ಬಿದ್ಕ."

ಚಿತ್ತಪ್ಪ ಮೂಟೆ ಹೊರುವುದುಂಟೇ! ಹತ್ತು ಹೆಜ್ಜೆ ಜೋರಾಗಿ ನಡೆದರೆ ಎದೆ ಗೊರಗುಟ್ಟುತ್ತಿತ್ತು. ಚಳ್ಳಕೆರೆಯ ಈ ಎಣ್ಣೆಮಿಲ್ಲಿನ ಗೋಡೌನಿನಲ್ಲಿ ಹದಿನೇಳು ವರ್ಷ ಶೇಂಗಾಕ್ಕೆ ಬೀಳುವ ಹುಳ ಸಾಯಿಸಿದ ಎದೆ ಅದು. ಮೂಟೆಗಳ ರಾಶಿಗೆ ತಾಡಪಾಲು ಹೊದಿಸಿ, ಸಂದಿಸಂದಿಯಲ್ಲಿ ಗುಳಿಗೆ ಇಟ್ಟು, ಅಂಚಿನ ಸುತ್ತ ಮರಳಿನ ಚೀಲ ಒತ್ತಿ, ಬಾಗಿಲು ಜಡಿದು ಬರುವುದು ಅವನ ಕೆಲಸ. ಗುಳಿಗೆ ಕರಗಿ ಗ್ಯಾಸಾಗುತ್ತದೆ. ಹುಳ ಸಾಯುತ್ತದೆ, ಇಲಿ ಸಾಯುತ್ತದೆ, ಒಳಗೆ ಮನುಷ್ಯನಿದ್ದರೆ ಅವನೂ ಸಾಯುತ್ತಾನೆ. ಆರು ದಿನ ಕಳೆದು ಬಾಗಿಲು ತೆಗೆದ ಮೇಲೆ ಮೊದಲು ಒಳಗೆ ಕಾಲಿಡುವವನೂ ಚಿತ್ತಪ್ಪನೇ. ಮೂಗಿಗೆ ಒದ್ದೆ ಟವೆಲ್ಲು ಕಟ್ಟಿ ಹೋಗಬೇಕು, ನಡುವೆ ನಿಂತು ಟವೆಲ್ಲು ಸರಿಸಿ ಮೂಸಬೇಕು. ಕೊಳೆತ ಬೆಳ್ಳುಳ್ಳಿಯ ನಾತ ಬಂದರೆ ಓಡಿ ಬರಬೇಕು. ಬರದಿದ್ದರೆ ಹೊರಗೆ ಬಂದು "ಬರ್ರಪ್ಪ" ಅನ್ನಬೇಕು. ಆ ಒಂದು ಮಾತಿಗೆ ಹಮಾಲರು ಒಳಗೆ ಹೋಗುತ್ತಿದ್ದರು. ಆಮೇಲೆ ಸಾವ್ಕಾರ ಮೊಳ ಎತ್ತರದಿಂದ ಅವನ ಬೊಗಸೆಗೆ ಒಂದು ಅಚ್ಚು ಬೆಲ್ಲ ಬಿಡುತ್ತಿದ್ದ. ಕೈಗೆ ಕೈ ತಾಗಬಾರದಲ್ಲ! ಔಷಧಿ, ಡಾಕ್ಟರು, ಉಪಚಾರ ಎಲ್ಲಾ ಆ ಬೆಲ್ಲದಲ್ಲೇ ಮುಗಿಯುತ್ತಿತ್ತು.

ಯಾರಿಗೂ ಗೊತ್ತಿರದ ಸಂಗತಿಯೊಂದಿತ್ತು. ಚಿತ್ತಪ್ಪನ ಮೂಗು ಸತ್ತು ಮೂರು ವರ್ಷವಾಗಿತ್ತು. ಒಂದು ದಿನ ಒಲೆ ಮುಂದೆಯೇ ಕೂತಿದ್ದವನಿಗೆ ರೊಟ್ಟಿ ಸೀದು ಕರಕಲಾದರೂ ತಿಳಿಯಲಿಲ್ಲ. ಹೆಂಡತಿ ಸೂರಮ್ಮ ಹೊರಗಿನಿಂದ ಓಡಿ ಬಂದು, "ಥೂ, ಮನೆ ಹತ್ಕಂಡು ಉರಿದ್ರೂ ಗೊತ್ತಾಗಲ್ವೇನೋ ನಿಂಗೆ?" ಎಂದು ಬೈದಳು. ಅವನ ಮುಖ ನೋಡಿ ಬಯ್ಗುಳ ನಿಲ್ಲಿಸಿದಳು. ಈರುಳ್ಳಿ ಹೆಚ್ಚಿ ಮೂಗಿಗೆ ಹಿಡಿದಳು, ಸೀಮೆಎಣ್ಣೆ ಹಿಡಿದಳು. ಏನೂ ಇಲ್ಲ.

"ಗೊತ್ತಾದ್ರೆ ನಾಳೆಯಿಂದ ಕೆಲ್ಸ ಇಲ್ಲ ಕಣೇ," ಎಂದಿದ್ದ.

"ನನ್ ಮೂಗೈತಲ್ಲ," ಎಂದಿದ್ದಳು ಸೂರಮ್ಮ.

ಅಂದಿನಿಂದ ಗೋಡೌನು ತೆಗೆಯುವ ದಿನ ಅವಳು ಬುತ್ತಿ ಹಿಡಿದು ಬಾಗಿಲ ಹತ್ತಿರ ಬಂದು ನಿಲ್ಲುತ್ತಿದ್ದಳು. ನಾತ ಬಂದರೆ ಸೆರಗು ತಲೆಮೇಲೆ ಎಳೆದುಕೊಳ್ಳುವಳು. ಬರದಿದ್ದರೆ ಬುತ್ತಿ ಕೆಳಗಿಡುವಳು. ಊರಾಚೆಯ ಎ.ಕೆ. ಕಾಲೋನಿಯ ಹೆಣ್ಣು ಸೆರಗು ಹೊದ್ದರೆ ಯಾರಿಗೇನು? ಸಾವ್ಕಾರನ ಗೌರವಕ್ಕೆ ಅಂದುಕೊಂಡು ಗಂಗರಾಜು ಖುಷಿಪಡುತ್ತಿದ್ದ.

ಡಬ್ಬಿ ಬಂದ ಮಾರನೇ ದಿನವೇ, ಕೊನೆಯ ಸಲವೆಂದು ಹೇಳಿ, ಚಿತ್ತಪ್ಪನಿಂದಲೇ ಬಿತ್ತನೆ ಶೇಂಗಾದ ರಾಶಿಗೆ ಗುಳಿಗೆ ಇಡಿಸಿದರು. ಈ ಸಲ ಬೆಲ್ಲವೂ ಇಲ್ಲವೆಂದು ಗಂಗರಾಜು ಮೊದಲೇ ಹೇಳಿದ.

ಗುಳಿಗೆ ಇಟ್ಟ ಮೂರನೇ ದಿನ ಮಧ್ಯಾಹ್ನ ಕಾಲೋನಿಗೆ ಮಿಲ್ಲಿನ ಸೈಕಲ್ಲು ಬಂತು. ಸಾವ್ಕಾರ ಕರೀತಾನೆ, ಈಗಲೇ ಬರಬೇಕಂತೆ. ಚಿತ್ತಪ್ಪ ಎದ್ದ. ಸೂರಮ್ಮ ಕೇಳದೆಯೇ ಬುತ್ತಿ ಕಟ್ಟಿದಳು.

ಮಿಲ್ಲಿನ ಅಂಗಳದಲ್ಲಿ ರಾಯದುರ್ಗದ ಲಾರಿ ನಿಂತಿತ್ತು. ಬೇವಿನ ಮರದಡಿ ಎಂಟು ಮಂದಿ ಹಮಾಲರು ಕುಕ್ಕರುಗಾಲಲ್ಲಿ ಕೂತಿದ್ದರು. ಗಂಗರಾಜು ಗೋಡೌನಿನ ಬಾಗಿಲ ಸಂದಿಗೆ ನಳಿಕೆ ತೂರಿಸಿದ್ದ. ಹಳದಿ ಡಬ್ಬಿ ಕೆಂಪು ದೀಪ ಮಿಟುಕಿಸುತ್ತ ಕುಯ್ಯೋ ಎಂದು ಕೂಗುತ್ತಿತ್ತು. ಸಾವ್ಕಾರ ಸೊಂಟದ ಮೊಬೈಲು ತೆಗೆದು ಡಬ್ಬಿ ಮಾರಿದವನಿಗೆ ಬಯ್ಯುತ್ತಿದ್ದ.

"ಆರು ದಿನ ಬಿಡ್ರಿ ಅಂತಾನೆ ನನ್ಮಗ! ಇವತ್ತು ತುಂಬದಿದ್ರೆ ಲಾರಿ ಬೇರೆಯೋರ ಮಾಲಿಗೆ ಹಿರಿಯೂರಿಗೋಗ್ತೈತೆ. ಗಂಗರಾಜಾ, ಬಾಯಿ ಮುಚ್ಚಿಸೋ ಅದನ್ನ!"

ಗಂಗರಾಜು ಗುಂಡಿ ಒತ್ತಿ ಡಬ್ಬಿಯನ್ನು ಸುಮ್ಮನಾಗಿಸಿ, ಒರೆಸಿ, ಕಿಟಕಿಯ ಕಟ್ಟೆಯ ಮೇಲಿಟ್ಟ.

"ಬಾರಪ್ಪ, ಚಿತ್ತಪ್ಪ," ಎಂದ ಸಾವ್ಕಾರ.

ಹದಿನೇಳು ವರ್ಷ ಚಿತ್ತ ಆಗಿದ್ದವನು ಇದ್ದಕ್ಕಿದ್ದಂತೆ ಚಿತ್ತಪ್ಪನಾಗಿದ್ದ.

"ಈ ಮಿಷಿನ್ನು ಸುಳ್ಳು ಬೊಗಳ್ತೈತೆ ಕಣೋ. ನಿನ್ ಮೂಗಿನ ಮುಂದೆ ಇದ್ಯಾವ ಲೆಕ್ಕ? ಒಳಗೋಗಿ ಬಂದು ಹಮಾಲ್ರಿಗೆ 'ಬರ್ರಪ್ಪ' ಅಂದ್ಬಿಡು. ಸಂಜೀಗೇ ಡಬ್ಬಿ ವಾಪಸ್ ಕಳಿಸ್ತೀನಿ. ಗ್ಯಾಸಿನ ಕೆಲ್ಸ ನೀನು ಸಾಯೋತಂಕ ನಿಂದೇ."

"ಮಿಷಿನ್ನು ಒಳಗೆ ತಗಂಡೋಗಿ ನೋಡ್ಬೌದಲ್ರೀ?"

"ಏಯ್, ಧೂಳು ಕುಡಿದು ಕೆಟ್ಟೋದ್ರೆ ಏನೋ ಗತಿ?" ಎಂದ ಗಂಗರಾಜು, ನಿಜವಾಗಿಯೂ ಗಾಬರಿಯಾಗಿ.

ಅವನೇ ಹೋಗಿ ಬೀಗ ತೆಗೆದು, ಬಾಗಿಲನ್ನು ಒಂದಾಳಗಲ ಸರಿಸಿ, ಮುಖ ತಿರುಗಿಸಿಕೊಂಡು ದೂರ ಓಡಿದ. ಚಿತ್ತಪ್ಪ ಸೂರಮ್ಮನತ್ತ ನೋಡಿದ. ಅವಳು ಸೆರಗನ್ನು ತಲೆಗೆ ಎಳೆದುಕೊಂಡಳು. ಸಾಲದೆ ಬಾಯಿಗೆ ತುರುಕಿಕೊಂಡು, ಕೆಮ್ಮುತ್ತ ಎರಡು ಹೆಜ್ಜೆ ಹಿಂದೆ ಸರಿದಳು. ಅಷ್ಟು ಯಾವತ್ತೂ ಮಾಡಿದವಳಲ್ಲ.

ಹಮಾಲರಲ್ಲಿ ಹಿರಿಯ ತಿಪ್ಪಯ್ಯ ಟವೆಲ್ಲು ತಲೆಗೆ ಸುತ್ತುತ್ತ ಎದ್ದ.

"ನೀನು ಹೂಂ ಅಂದ್ರೆ ಸಾಕು ಚಿತ್ತಣ್ಣ. ನಿನ್ ಮಾತಿನ್ ಮೇಲೆ ಇಷ್ಟು ವರ್ಷ ಉಸ್ರಾಡೀವಿ. ಆ ಡಬ್ಬಿಗೇನು ಗೊತ್ತೈತೆ?"

ಒಂದು ಮಾತು. 'ಬರ್ರಪ್ಪ' ಅಂದರೆ ಮುಗಿಯಿತು, ಒಲೆ ಉರಿಯುತ್ತದೆ. ಮೂಟೆ ಹೊರಲಾಗದ ಎದೆ, ಏನೂ ಮೂಸಲಾಗದ ಮೂಗು ಇಟ್ಟುಕೊಂಡು ಇನ್ನೆಲ್ಲಿಗೆ ಹೋಗುವುದು? ಚಿತ್ತಪ್ಪನ ನಾಲಿಗೆ ಒಣಗಿತು. ಅದು ಹೆದರಿಕೆ ಅಂದುಕೊಂಡ. ಅಲ್ಲ, ಸಿಟ್ಟು. ಅಂಗಾಲಿನಿಂದ ನೆತ್ತಿಗೆ ಏರುತ್ತಿತ್ತು. ಇವನ ಡಬ್ಬಿಗೆ ಧೂಳು ತಾಗಬಾರದು, ನಮ್ಮ ಎಂಟು ಜನ ಸಾಯಬಹುದು, ಅದೂ ನನ್ನ ಬಾಯಿಂದ ಕರೆಸಿ ಸಾಯಿಸಬೇಕು!

"ತಿಪ್ಪಯ್ಯ, ಕೂತ್ಕ," ಎಂದ. "ಎಲ್ರೂ ಕೇಳ್ರಿ. ನನ್ ಮೂಗು ಸತ್ತು ಮೂರು ವರ್ಷ ಆಯ್ತು. ನಂಗೆ ಹೇಲಿನ ವಾಸ್ನೇನೂ ತಿಳಿಯಲ್ಲ, ಹೂವಿನ ವಾಸ್ನೇನೂ ತಿಳಿಯಲ್ಲ. ನಿಮ್ಮನ್ನ ಒಳಗೆ ಕಳಿಸ್ತಿದ್ದುದು ಇವ್ಳ ಮೂಗು. ಇವ್ಳು ಈಗ ಬ್ಯಾಡ ಅಂತಾಳೆ."

ತಿಪ್ಪಯ್ಯ ಸೂರಮ್ಮನನ್ನೇ ಪಿಳಿಪಿಳಿ ನೋಡಿದ.

"ಎಲಾ ಸೂಳೆಮಗನೆ!" ಸಾವ್ಕಾರ ಕಾಲಲ್ಲೇ ಚಪ್ಪಲಿ ತಡಕಾಡಿದ. "ಮೂರು ವರ್ಷ ನನ್ ಉಪ್ಪು ತಿಂದು ಮೋಸ ಮಾಡ್ದ್ಯಲ್ಲೋ!"

"ಮಾಡ್ದೆ ಸಾವ್ಕಾರ್ರೆ. ನನ್ ಮೂಗು ತಿಂದೋರು ನೀವು. ಎದೆ ತಿಂದೋರೂ ನೀವೇ. ನಾನು ತಿಂದಿದ್ದು ಬರೀ ಬೆಲ್ಲ."

"ಗಂಗರಾಜಾ, ಒದ್ದು ಆಚೆ ಹಾಕೋ ಇವ್ನನ್ನ! ಲೇ ತಿಪ್ಪಾ, ಏಳ್ರಲೇ ಮೇಲಕ್ಕೆ! ಒಳಗೋಗದಿರೋನು ನಾಳೆಯಿಂದ ಈ ಗೇಟು ದಾಟಂಗಿಲ್ಲ!"

ಹಮಾಲರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಅರ್ಧ ಎದ್ದ. ಅವನು ಪೂರ್ತಿ ಏಳುವುದರೊಳಗೆ ಚಿತ್ತಪ್ಪ ಉಬ್ಬಸದಲ್ಲೇ ಓಡಿ ಬಾಗಿಲು ದೂಡಿ ಮುಚ್ಚಿದ. ಕಿಟಕಿಯ ಕಟ್ಟೆಗೆ ಹೋಗಿ ಹಳದಿ ಡಬ್ಬಿಗೆ ಕೈ ಹಾಕಿದ.

"ಮುಟ್ಟಬೇಡಲೇ!"

ಎರಡೂ ಕೈಯಲ್ಲಿ ಮುಟ್ಟಿದ. ಕುಂಕುಮವೆಲ್ಲ ಅಂಗೈಗೆ ಬಂತು. ಹೊಸ್ತಿಲ ಮೇಲೆ ಬಾಗಿಲಿಗೆ ಬೆನ್ನು ಕೊಟ್ಟು ಕೂತು, ನಳಿಕೆಯನ್ನು ಸಂದಿಗೆ ತೂರಿಸಿ ಗುಂಡಿ ಒತ್ತಿದ. ಮಡಿಲಲ್ಲಿ ಡಬ್ಬಿ ಕಿವಿ ಹರಿಯುವಂತೆ ಕೂಗಿಕೊಂಡಿತು.

"ಇದೂ ಇವ್ಳೂ ಒಂದೇ ಮಾತು ಹೇಳ್ತಾ ಅವ್ರೆ," ಎಂದು ಅದರ ಸದ್ದಿನ ಮೇಲೆ ಅರಚಿದ. "ಸುಳ್ಳು ಅನ್ನೋರು ಬರ್ರಿ. ಬಾಗ್ಲು ನಾನೇ ತೆಗೀತೀನಿ. ನೀವು ಮೊದ್ಲು ಒಳಗೆ ನಡೀರಿ ಸಾವ್ಕಾರ್ರೆ, ನಾನು ಹಿಂದಿಂದ ಬರ್ತೀನಿ. ಬೆಲ್ಲ ಕೊಡ್ತೀನಿ!"

ಸಾವ್ಕಾರ ಒಂದು ಚಪ್ಪಲಿ ಮೆಟ್ಟಿದ್ದ. ಇನ್ನೊಂದು ಕಾಲು ಮೇಲೆಯೇ ಉಳಿಯಿತು. ಗಂಗರಾಜು ನೆಲ ನೋಡುತ್ತಿದ್ದ. ಅರ್ಧ ಎದ್ದಿದ್ದ ಹಮಾಲ ಮತ್ತೆ ಕುಕ್ಕರಿಸಿದ. ತಿಪ್ಪಯ್ಯ ತಲೆಯ ಟವೆಲ್ಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಬೇವಿನ ನೆರಳು ಬಿಟ್ಟು ಬಿಸಿಲಿಗೆ ಬಂದು, ಗೋಡೌನಿನ ಮುಂದೆ ಕೂತ. ಒಬ್ಬೊಬ್ಬರಾಗಿ ಉಳಿದ ಏಳೂ ಜನ ಬಂದು ಕೂತರು.

"ಏಮಯ್ಯಾ, ಇಂಕಾ ಎಂತ ಸೇಪು?" ಇನ್ನೂ ಎಷ್ಟು ಹೊತ್ತು ಎಂದು ಲಾರಿ ಡ್ರೈವರು ತೆಲುಗಿನಲ್ಲಿ ರೇಗಿ ಹಾರನ್ನು ಒತ್ತಿದ.

ಡಬ್ಬಿ ಕೂಗುತ್ತಲೇ ಇತ್ತು. ಸೂರಮ್ಮ ಗಂಡನ ಪಕ್ಕ ಬಂದು, ಬಾಗಿಲ ಸಂದಿಗೆ ಮರಳಿನ ಚೀಲವೊಂದನ್ನು ಕಾಲಿಂದ ಒತ್ತಿ ಕೂತಳು. ಯಾರೂ ಮೇಲೇಳಲಿಲ್ಲ.