ಮೂರನೆಯ ಹಾಳೆ

ಹಾಳೆಯ ಒಂದು ತುದಿ ಅವಳ ಕೈಯಲ್ಲಿತ್ತು, ಇನ್ನೊಂದು ತುದಿ ಕನ್ನಡಕದ ಅಂಗಡಿಯ ಯಜಮಾನರ ಕೈಯಲ್ಲಿ. ಅವಳು ಮೆಲ್ಲಗೆ ಎಳೆದಳು. ಅವರು ಬಿಡಲಿಲ್ಲ.

"ಇದೇ ಇರಲಿ," ಎಂದರು.

"ಸರ್, ಅದು ಬರೀ ಹೋಲಿಸಿ ನೋಡೋಕೆ ಅಂತ ಇಟ್ಟಿದ್ದು. ಮೊದಲನೇದನ್ನ ಇನ್ನೊಂದ್ಸಲ ನೋಡಿ."

ಅವರು ಮೊದಲನೆಯದನ್ನು ನೋಡಿದರು. ಎರಡು ಶುದ್ಧ ವೃತ್ತಗಳು, ನಡುವೆ ಕೂದಲೆಳೆಯಂಥ ಒಂದು ಗೆರೆ. ಅಂಗಡಿಯ ಬೋರ್ಡಿಗೆಂದು ಅಷ್ಟನ್ನು ಬರೆಯಲು ಅವಳಿಗೆ ಹನ್ನೊಂದು ದಿನ ಹಿಡಿದಿತ್ತು. ಪಕ್ಕದ ಮನೆಯವರ ಮಗುವನ್ನು ಹೊಗಳುವ ಹಾಗೆ ಚೆನ್ನಾಗಿದೆ, ತುಂಬಾ ಚೆನ್ನಾಗಿದೆ ಎಂದು ಹೊಗಳಿ ಅದನ್ನು ಬದಿಗೆ ಸರಿಸಿದರು. ಆಮೇಲೆ ಮೂರನೆಯದನ್ನು ಕೈ ಚಾಚಿ ದೂರ ಹಿಡಿದರು. ಅದರಲ್ಲಿದ್ದ ಕನ್ನಡಕದ ಎಡಗಣ್ಣು ದೊಡ್ಡದು, ಬಲಗಣ್ಣು ಚಿಕ್ಕದು. ಒಂದು ಕಡ್ಡಿ ಜೋಲುಬಿದ್ದಿತ್ತು.

"ಇದನ್ನ ಯಾರೋ ಹಾಕ್ಕೊಂಡು ಓಡಾಡಿದ್ದಾರೆ ಅನ್ನಿಸತ್ತೆ," ಎಂದರು. ಹಾಗೆಂದು ತಮ್ಮ ಕನ್ನಡಕವನ್ನೇ ತೆಗೆದು ಒರೆಸಿಕೊಂಡರು.

ಕಿಟಕಿಯ ಬಳಿ ನಿಂತಿದ್ದ ಅವಳ ಪಾಲುದಾರ ಅವಳನ್ನು ನೋಡಿದ. ಕಾಲೇಜಿನ ದಿನಗಳಿಂದ ಅವನಿಗೆ ಮಿಲಿಮೀಟರ್ ಎಂದೇ ಹೆಸರು. ಕುಡಿಯುವ ಲೋಟವನ್ನು ಮೇಜಿನ ಮೇಲಿಟ್ಟರೂ ಅಂಚಿಗೆ ಸಮವಾಗಿದೆಯೇ ಎಂದು ಬಗ್ಗಿ ನೋಡುವ ಜಾತಿ. ಅವನು ಹಾಗೆ ಬಾಯಿ ತೆರೆದುಕೊಂಡು ನಿಂತದ್ದನ್ನು ಅವಳು ಅದುವರೆಗೆ ಕಂಡಿರಲಿಲ್ಲ.

ಅಂಗಡಿಗಳ ಬೋರ್ಡಿಗೆ ಚಿತ್ರ ಬರೆದುಕೊಡುವ ಈ ಸ್ಟುಡಿಯೊ ಶುರುವಾದ ವರ್ಷವೇ ಇಬ್ಬರೂ ಪೆಟ್ಟು ತಿಂದು ಕಲಿತದ್ದು ಇದು: ಗಿರಾಕಿಗೆ ಒಂದೇ ಚಿತ್ರ ತೋರಿಸಿದರೆ ತಪ್ಪು ಹುಡುಕುತ್ತಾನೆ. ಎರಡು ತೋರಿಸಿದರೆ ಎರಡನ್ನೂ ಸೇರಿಸಿ ಒಂದು ಮಾಡಿ ಎನ್ನುತ್ತಾನೆ. ಆದ್ದರಿಂದ ಮೂರು ತೋರಿಸಬೇಕು. ಮೊದಲನೆಯದು ತಾವು ಮೆಚ್ಚಿದ್ದು, ಎರಡನೆಯದು ಅದರ ತಂಗಿಯಂಥದ್ದು, ಮೂರನೆಯದು ಬೇಕೆಂದೇ ಕೆಟ್ಟದ್ದು. ಗಿರಾಕಿ ಮೂರನೆಯದನ್ನು ಕಂಡು ಮುಖ ಸಿಂಡರಿಸಿ, ತನ್ನ ಅಭಿರುಚಿಗೆ ತಾನೇ ಬೀಗುತ್ತ ಮೊದಲನೆಯದಕ್ಕೆ ಬರುತ್ತಾನೆ. ಆ ಮೂರನೆಯ ಹಾಳೆಗೆ ಮಿಲಿಮೀಟರ್ ಬೆರ್ಚಪ್ಪ ಎಂದು ಹೆಸರಿಟ್ಟಿದ್ದ. ಹೊಲದ ಬೆದರುಬೊಂಬೆಯ ಹಾಗೆ ಕೈ ಚಾಚಿ ನಿಲ್ಲುವುದಷ್ಟೇ ಅದರ ಕೆಲಸ.

ಆದರೆ ಕೆಟ್ಟದ್ದನ್ನು ಮಾಡುವುದೂ ಸುಲಭವಾಗಿರಲಿಲ್ಲ. ಕನ್ನಡಕದವರು ಬರುವ ಹಿಂದಿನ ದಿನ ಇಬ್ಬರೂ ಎಷ್ಟು ಗೀಚಿದರೂ ಅದು ಎಲ್ಲೋ ಒಂದು ಕಡೆ ಸರಿಯಾಗಿಬಿಡುತ್ತಿತ್ತು. ಕಲಿತ ಕೈ, ಏನು ಮಾಡುವುದು. ಕೊನೆಗೆ ಅವಳು ಪರದೆ ಸರಿಸಿ ಮುಂದಿನ ಕೋಣೆಗೆ ಹೋದಳು. ಅದು ಅತ್ತಿಗೆಯ ಹೊಲಿಗೆ ಅಂಗಡಿ. ಅಂಗಡಿಯ ಹಿಂಭಾಗಕ್ಕೆ ಒಂದು ಪರದೆ ಹಾಕಿ ಸ್ಟುಡಿಯೊಗೆ ಜಾಗ ಬಿಟ್ಟುಕೊಟ್ಟವಳೂ ಅತ್ತಿಗೆಯೇ. ಶಾಲೆಯ ಸಮವಸ್ತ್ರಗಳ ರಾಶಿಯ ನಡುವೆ ಬಟ್ಟೆ ಕತ್ತರಿಸುತ್ತಿದ್ದ ಅತ್ತಿಗೆಯನ್ನು ಒಂದು ಕನ್ನಡಕದ ಚಿತ್ರ ಬರೆದುಕೊಡಿ ಎಂದು ಕೇಳಿದಳು, ಹೇಗಿದ್ದರೂ ನಡೆಯುತ್ತದೆ ಎಂದಳು. ಅತ್ತಿಗೆ ಯಾಕೆ ಎಂದು ಕೇಳಲಿಲ್ಲ. ಬಟ್ಟೆಗೆ ಗೆರೆ ಹಾಕುವ ನೀಲಿ ಚಾಕ್‌ಪೀಸನ್ನು ಸ್ವಲ್ಪ ಹೊತ್ತು ಬೆರಳಲ್ಲಿ ತಿರುಗಿಸಿ, ಖಾಕಿ ಕಾಗದದ ಮೇಲೆ ಬರೆದುಕೊಟ್ಟಳು.

ಒಂದು ಸಲವಾದರೆ ಆಕಸ್ಮಿಕ ಎನ್ನಬಹುದಿತ್ತು. ಬೇಕರಿಯವನು ಬಂದ, ಅವನೂ ಅತ್ತಿಗೆ ಬರೆದ ಮೂರನೆಯದನ್ನೇ ಆರಿಸಿದ. ಬೀಗ ರಿಪೇರಿಯವನು ಬಂದು, ಮೊದಲೆರಡನ್ನು ನೋಡುವಾಗ ಆಕಳಿಸಿ, ಅತ್ತಿಗೆ ಬರೆದ ಸೊಟ್ಟ ಕೀಲಿಕೈಯನ್ನು ಕಂಡದ್ದೇ ನಕ್ಕುಬಿಟ್ಟ. ಕನ್ನಡಕದ ಬೋರ್ಡು ದೊಡ್ಡ ಬೀದಿಯ ಮೂಲೆಯಲ್ಲಿ ಮೇಲೇರಿತು. ಬಸ್ಸಿಗೆ ಕಾಯುವ ಜನ ಅದನ್ನು ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು.

ಅವಳು ದಿನಾ ಆ ಬೋರ್ಡಿನ ಎದುರು ನಿಲ್ಲತೊಡಗಿದಳು. ಬೆಳಿಗ್ಗೆ ಅದು ಕೆಟ್ಟದಾಗಿ ಕಾಣುತ್ತಿತ್ತು. ಸಂಜೆ ಹೊತ್ತಿಗೆ ಪರವಾಗಿಲ್ಲ ಎನ್ನಿಸುತ್ತಿತ್ತು. ಒಮ್ಮೊಮ್ಮೆ ಇಡೀ ಬೀದಿಯಲ್ಲಿ ಜೀವವಿರುವ ವಸ್ತು ಅದೊಂದೇ ಎನ್ನಿಸಿ ಭಯವಾಗುತ್ತಿತ್ತು. ವಾಪಸು ಬಂದು ತನ್ನ ಹನ್ನೊಂದು ದಿನಗಳ ವೃತ್ತಗಳನ್ನು ತೆಗೆದು ನೋಡಿದರೆ ಅವು ತೊಳೆದಿಟ್ಟ ತಟ್ಟೆಗಳಂತೆ ಅವಳನ್ನೇ ನೋಡುತ್ತಿದ್ದವು. ಐದು ವರ್ಷ ಓದಿದ್ದು, ಮೂರು ವರ್ಷ ದುಡಿದದ್ದು, ಚಂದವನ್ನು ಗುರುತಿಸುವ ಕಣ್ಣು ತನಗಿದೆ ಎಂದು ನಂಬಿಕೊಂಡಿದ್ದು, ಇವೆಲ್ಲ ಏನು? ಯಾವುದು ಚೆನ್ನ ಎಂದು ಯಾರಾದರೂ ಕೇಳಿದರೆ ಮೊದಲು ಅವರ ಮುಖ ನೋಡಿ ಉತ್ತರ ಹೇಳುವ ಸ್ಥಿತಿಗೆ ಬಂದಳು.

ಅಷ್ಟರಲ್ಲಿ ಬೀಜದ ಕಂಪನಿಯ ಮೇಡಂ ಬಂದರು. ಅವರು ಮೂರು ಹಾಳೆಗಳನ್ನು ಕೇಳಲೇ ಇಲ್ಲ. ಕನ್ನಡಕದ ಬೋರ್ಡು ಬರೆದ ಕೈ ಬೇಕು ಎಂದರು. ನಲವತ್ತು ತರಕಾರಿ, ನಲವತ್ತು ಬೀಜದ ಪೊಟ್ಟಣ, ಎಲ್ಲದಕ್ಕೂ ಅದೇ ಕೈ. ಸ್ಟುಡಿಯೊಗೆ ಅಷ್ಟು ದೊಡ್ಡ ಕೆಲಸ ಹಿಂದೆಂದೂ ಬಂದಿರಲಿಲ್ಲ. ಮಿಲಿಮೀಟರ್‌ಗೆ ಅದೇ ವಾರ ಒಂದು ದೊಡ್ಡ ಸಂಸ್ಥೆಯಿಂದ ಕೆಲಸದ ಪತ್ರ ಬಂದಿತ್ತು, ಶುಕ್ರವಾರದೊಳಗೆ ಉತ್ತರ ಕೊಡಬೇಕಿತ್ತು. ಅವನು ಮುಚ್ಚಿಡಲಿಲ್ಲ. ಪೊಟ್ಟಣದ ಕೆಲಸ ಸಿಕ್ಕರೆ ತಾನು ಇಲ್ಲೇ ಇರುತ್ತೇನೆ, ಸಿಗದಿದ್ದರೆ ತನ್ನನ್ನು ಬೈಯಬೇಡ ಎಂದ. ಅವನಿಲ್ಲದೆ ತಾನೊಬ್ಬಳೇ ಸ್ಟುಡಿಯೊ ನಡೆಸಲಾರೆ ಎಂಬುದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಮೊದಲು ಅತ್ತಿಗೆಯನ್ನು ಕೇಳಲು ಅವಳಿಗೆ ಮನಸ್ಸಾಗಲಿಲ್ಲ. ತಾನೇ ಬರೆಯುತ್ತೇನೆ ಎಂದಳು. ಎಡಗೈಯಲ್ಲಿ ಬರೆದಳು, ಕಣ್ಣು ಮುಚ್ಚಿ ಬರೆದಳು, ನಿಂತು ಬರೆದಳು. ಮಿಲಿಮೀಟರ್ ಅತ್ತಿಗೆಯ ಕನ್ನಡಕದ ಮೇಲೆ ಚೌಕಳಿ ಹಾಕಿ, ಎಡಗಣ್ಣು ಬಲಗಣ್ಣಿಗಿಂತ ಎಷ್ಟು ಪಾಲು ದೊಡ್ಡದು, ಕಡ್ಡಿ ಎಷ್ಟು ಡಿಗ್ರಿ ಜೋಲುಬಿದ್ದಿದೆ ಎಂದೆಲ್ಲ ಲೆಕ್ಕ ತೆಗೆದ. ಆ ಲೆಕ್ಕದಂತೆ ಒಂದು ಬದನೆಕಾಯಿಯನ್ನು ಸೊಟ್ಟ ಮಾಡಿದ. ಅದು ಅಪಘಾತಕ್ಕೆ ಸಿಕ್ಕ ಬದನೆಕಾಯಿಯಂತೆ ಕಂಡಿತು. ಬೀಜದ ಮೇಡಂ ಅವನ್ನೆಲ್ಲ ಒಂದೊಂದಾಗಿ ತಿರುವಿ ಹಾಕಿ, ಇದು ಅವರ ಕೈಯಲ್ಲ ಎಂದಷ್ಟೇ ಹೇಳಿ ಎದ್ದರು. ಶುಕ್ರವಾರ ಮಧ್ಯಾಹ್ನ ಫೋನು ಮಾಡುತ್ತೇನೆ ಎಂದರು.

ಅವಳು ಅಣ್ಣನ ಹತ್ತಿರ ಹೋಗಿ, ನೀನೇ ಅತ್ತಿಗೆಗೆ ಒಂದು ಮಾತು ಹೇಳು ಎಂದಳು. ಅವನು ಚಪ್ಪಲಿ ಮೆಟ್ಟುತ್ತಲೇ, ಅಡಕತ್ತರಿಯಲ್ಲಿ ಸಿಕ್ಕಿಕೊಳ್ಳುವ ವಯಸ್ಸು ತನ್ನದಲ್ಲ ಎಂದು ಹೊರಟುಹೋದ.

ಶುಕ್ರವಾರ ಹನ್ನೊಂದೂವರೆಗೆ ಅವಳು ಪರದೆ ಸರಿಸಿದಳು. ಅತ್ತಿಗೆ ಕಾಲರುಗಳಿಗೆ ಜೋಡಿ ಜೋಡಿಯಾಗಿ ಪಿನ್ನು ಹಾಕುತ್ತಿದ್ದಳು. ಅವಳು ಸ್ಟೂಲು ಎಳೆದುಕೊಂಡು ಕೂತು, ಹೇಳಬೇಕೆಂದು ರಾತ್ರಿಯೆಲ್ಲ ಹೊಸೆದದ್ದನ್ನು ಹೇಳಿದಳು. ನಲವತ್ತು ಚಿತ್ರ. ಸ್ಟುಡಿಯೊದ ಬೋರ್ಡಿನ ಮೇಲೆ ಅತ್ತಿಗೆಯ ಹೆಸರು, ಅದೂ ಮೊದಲಿಗೆ. ಮೂವರಿಗೂ ಸಮಪಾಲು. ಸಮವಸ್ತ್ರ ಹೊಲಿಯುವ ಗೋಜೇ ಬೇಡ.

ಅತ್ತಿಗೆ ಬಾಯಲ್ಲಿದ್ದ ಪಿನ್ನುಗಳನ್ನು ಒಂದೊಂದಾಗಿ ತೆಗೆದಳು.

"ಮಧ್ಯ ಇರೋದು ಪರದೆ ಕಣೇ, ಗೋಡೆಯಲ್ಲ," ಎಂದಳು. "ಬೆರ್ಚಪ್ಪ ಬೆರ್ಚಪ್ಪ ಅಂತ ನೀವಿಬ್ಬರೂ ನಗ್ತಿದ್ದದ್ದು ಮೊದಲನೇ ದಿನಾನೇ ಕೇಳಿಸ್ತು."

ಅವಳ ಕಿವಿ ಬಿಸಿಯಾಯಿತು. "ಅತ್ತಿಗೆ, ಅದು ನಿಮಗೆ ಅಂದಿದ್ದಲ್ಲ."

"ಅಂದ್ರೆ ಏನಾಯ್ತು ಬಿಡು. ಕೆಟ್ಟದು ಬೇಕಾಗೇ ಬಂದಿದ್ದೀಯ ಅಂತ ಗೊತ್ತಿತ್ತು, ಕೆಟ್ಟದಾಗೇ ಬರೆದುಕೊಟ್ಟೆ. ಸುಮ್ಸುಮ್ನೆ ಬರಲ್ಲ ಅದು. ಕೈ ತಾನಾಗೇ ಸರಿ ಹೋಗತ್ತೆ, ಹಿಡಿದು ಹಿಡಿದು ಸೊಟ್ಟಕ್ಕೆ ಎಳೀಬೇಕು."

ಬೇಕೆಂದೇ ಬರೆದದ್ದು. ಅವಳು ಅದನ್ನು ಎಂದೂ ಹಾಗೆ ಯೋಚಿಸಿರಲಿಲ್ಲ. ಅತ್ತಿಗೆಗೆ ಬರುವುದೇ ಅಷ್ಟು ಎಂದುಕೊಂಡಿದ್ದಳು. ಮೊದಲು ಅದನ್ನು ಕೆಟ್ಟದ್ದು ಎಂದುಕೊಂಡಾಗಲೂ, ಆಮೇಲೆ ಪ್ರತಿಭೆ ಎಂದುಕೊಂಡಾಗಲೂ.

"ಜನಕ್ಕೆ ಅದೇ ಇಷ್ಟ ಆಗಿದೆಯಲ್ಲ," ಎಂದಳು.

"ಆಗ್ಲಿ. ಒಂದು ತೋಳು ಉದ್ದ, ಒಂದು ತೋಳು ಗಿಡ್ಡ ಹೊಲಿದ ಕೋಟು ಹಾಕ್ಕೊಂಡು ಯಾರೋ ಊರೆಲ್ಲ ಮೆರೆದ್ರೆ ಹೊಲಿದವಳಿಗೆ ಹೇಗಿರತ್ತೆ ಹೇಳು. ಆ ಬೋರ್ಡಿನ ಕೆಳಗೆ ಓಡಾಡೋದೇ ಬಿಟ್ಟಿದ್ದೀನಿ. ಹಿಂದಿನ ಬೀದೀಲಿ ಸುತ್ತು ಹಾಕ್ಕೊಂಡು ಬರ್ತೀನಿ."

ಹೀಗೆಂದು ಅತ್ತಿಗೆ ಒಂದು ಖಾಕಿ ಕಾಗದವನ್ನು ನಡುವೆ ಮಡಚಿದಳು. ಮಡಿಕೆಗೆ ಒತ್ತಿ ಅರ್ಧ ಕುಂಬಳಕಾಯಿಯ ಗೆರೆ ಎಳೆದಳು, ತೋಳಿನ ಕಂಕುಳಿಗೆ ಎಳೆಯುವಂಥ ಒಂದೇ ಬೀಸಿನ ಗೆರೆ. ಕತ್ತರಿ ಒಂದು ಸಲವೂ ನಿಲ್ಲದೆ ಓಡಿತು. ಬಿಡಿಸಿ ಮೇಜಿನ ಮೇಲಿಟ್ಟಳು. ಎರಡು ಪಕ್ಕವೂ ಸಮ. ಎಲ್ಲಿಯೂ ಒಂದು ಎಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.

ಅವಳು ಅದನ್ನು ಬಹಳ ಹೊತ್ತು ನೋಡಿದಳು. ಅದನ್ನು ಎಲ್ಲೋ ಕಂಡ ಹಾಗಿತ್ತು. ಆಮೇಲೆ ತಿಳಿಯಿತು: ಅದು ತನ್ನದೇ ಮೊದಲನೆಯ ಹಾಳೆಯ ಗೆರೆ. ತನ್ನ ಚಿತ್ರಗಳ ನಡುವೆ ಇಟ್ಟರೆ ಯಾರ ಕೈ ಎಂದು ತನಗೇ ಹೇಳಲಾಗುತ್ತಿರಲಿಲ್ಲ. ಅವಳಿಗೆ ಹನ್ನೊಂದು ದಿನ, ಅತ್ತಿಗೆಗೆ ಎರಡು ನಿಮಿಷ. ಸಂತೋಷಪಡಬೇಕೋ ಅಳಬೇಕೋ ಗೊತ್ತಾಗದೆ ಅದರ ಅಂಚನ್ನು ಬೆರಳಿಂದ ಸವರಿದಳು.

"ಇಂಥದ್ದಾದ್ರೆ ನಲವತ್ತೂ ಮಾಡಿಕೊಡ್ತೀನಿ," ಎಂದಳು ಅತ್ತಿಗೆ. "ಹೆಸರು ಗಿಸರು ಏನೂ ಬೇಡ. ಸಮವಸ್ತ್ರದ ಜೊತೆಗೇ ಮುಗಿಸ್ತೀನಿ."

ಪರದೆಯ ಆಚೆ ಫೋನು ರಿಂಗಾಯಿತು. ಮಿಲಿಮೀಟರ್ ಎತ್ತಿಕೊಂಡದ್ದು, ಒಂದು ನಿಮಿಷ ಇರಿ ಮೇಡಂ ಎಂದದ್ದು, ಆಮೇಲೆ ಪರದೆಯ ಹತ್ತಿರಕ್ಕೆ ನಡೆದು ಬಂದದ್ದು ಎಲ್ಲವೂ ಕೇಳಿಸಿತು.

"ಅತ್ತಿಗೆ," ಎಂದಳು ಅವಳು. "ಆ ಮೇಡಂಗೆ ಇದು ಬೇಡವಂತೆ. ಇಂಥದ್ದಾದ್ರೆ ನಾವೇ ಬರೀತಿದ್ವಿ. ಆ ಇನ್ನೊಂದು ಥರದ್ದೇ ಬೇಕಂತೆ. ಇದೊಂದೇ ಸಲ. ಆಮೇಲೆ ನಾನು ಯಾವತ್ತೂ ಕೇಳಲ್ಲ."

ಅತ್ತಿಗೆ ಕುಂಬಳಕಾಯಿಯನ್ನು ಮೊದಲಿನ ಮಡಿಕೆಗೇ ಮಡಚಿ ಬದಿಗಿಟ್ಟಳು. ಮೇಜಿನ ಮೇಲೆ ಬಿದ್ದಿದ್ದ ನೀಲಿ ಪುಡಿಯನ್ನು ಅಂಗೈಯಿಂದ ಒರೆಸಿದಳು. ಇನ್ನೊಂದು ಜೊತೆ ಕಾಲರನ್ನು ಎತ್ತಿಕೊಂಡು, ತುದಿಗೆ ತುದಿ ಕೂಡಿಸಿದಳು.

"ಇಲ್ಲ," ಎಂದಳು. "ಅದನ್ನ ನಾನು ಬರೆಯಲ್ಲ."